ಐವತ್ತು ಸೆಂಟಿನ ಕರಾರು

ಆಫ್ರಿಕ ಖಂಡದ ಭೂಪಟದಲ್ಲಿ ಪಶ್ಚಿಮದ ಸೆನೆಗಲ್ ಕರಾವಳಿಯ ಮೇಲೆ ಬೆರಳಿಟ್ಟು ಹೊರಟು, ಮಾಲಿ, ಬುರ್ಕಿನಾ ಫಾಸೊ, ನೈಜರ್, ನೈಜೀರಿಯದ ಉತ್ತರಭಾಗ, ಚಾಡ್, ಸುಡಾನ್‌ಗಳನ್ನು ಹಾದು ಪೂರ್ವದ ಇಥಿಯೋಪಿಯವನ್ನು ಮುಟ್ಟಿದರೆ, ಸಹಾರಾ ಮರುಭೂಮಿಯ ತೆಂಕಣ ಅಂಚಿನುದ್ದಕ್ಕೂ ಹಬ್ಬಿದ ಒಂದು ಭೂಭಾಗವನ್ನು ನಾವು ಅಳೆದಂತಾಗುತ್ತದೆ. ಈ ಭೂಭಾಗಕ್ಕೆ 1963ರಲ್ಲಿ ಲಾಪೆಸೊನಿ ಎಂಬ ಫ್ರೆಂಚ್ ಸೇನಾವೈದ್ಯರು ‘ಮೆನಿಂಜೈಟಿಸ್ ಪಟ್ಟಿ’ ಎಂದು ಹೆಸರು ಕೊಟ್ಟರು. ಅದೇ ಹೆಸರು ನಿಂತಿತು. ಡಿಸೆಂಬರಿನಿಂದ ಜೂನ್‌ವರೆಗಿನ ಮಳೆಯಿಲ್ಲದ ತಿಂಗಳುಗಳಲ್ಲಿ ಅಲ್ಲಿ ಹರ್ಮಟಾನ್ ಎಂಬ ಒಣಗಾಳಿ ಮರಳುಗಾಡಿನ ಧೂಳನ್ನು ಹೊತ್ತು ಬೀಸುತ್ತದೆ. ಜನರ ಮೂಗು ಗಂಟಲುಗಳ ಒಳಪೊರೆ ಒಣಗಿ ಬಿರಿಯುತ್ತದೆ. ಅದುವರೆಗೆ ಗಂಟಲಿನಲ್ಲಿ ನಿರುಪದ್ರವವಾಗಿ ತಂಗಿದ್ದ ರೋಗಾಣು ಆ ಬಿರುಕಿನ ಮಾರ್ಗವಾಗಿ ರಕ್ತಕ್ಕಿಳಿದು, ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತಿರುವ ಪೊರೆಯನ್ನು ಸೇರುತ್ತದೆಂದು ವೈದ್ಯರು ಭಾವಿಸಿದ್ದಾರೆ. ಬೆಳಗ್ಗೆ ಜ್ವರವೆಂದು ಮಲಗಿದ ಮಗುವಿನ ಕತ್ತು ಸಂಜೆಯ ಹೊತ್ತಿಗೆ ಸೆಟೆದುಕೊಂಡಿರುವುದುಂಟು. ಚಿಕಿತ್ಸೆ ದೊರೆತರೂ ಹತ್ತರಲ್ಲಿ ಒಬ್ಬರು ಬದುಕುವುದಿಲ್ಲ. ಬದುಕಿದವರಲ್ಲಿಯೂ ಅನೇಕರು ಕಿವಿಯನ್ನೋ ಬುದ್ಧಿಶಕ್ತಿಯನ್ನೋ ರೋಗಕ್ಕೆ ತೆತ್ತು ಹಾಸಿಗೆಯಿಂದ ಏಳುತ್ತಾರೆ.

ವರ್ಷವರ್ಷವೂ ಅಲ್ಲಲ್ಲಿ ಕಾಣಿಸಿಕೊಂಡು ಅಡಗುವ ಈ ವ್ಯಾಧಿ ಕೆಲವು ವರ್ಷಗಳಿಗೊಮ್ಮೆ ಮಹಾಮಾರಿಯಾಗಿ ಎದ್ದುನಿಲ್ಲುತ್ತಿತ್ತು. 1996 ಮತ್ತು 1997ರಲ್ಲಿ ಎದ್ದದ್ದು ಹಿಂದೆಂದೂ ಕಾಣದಂಥ ಮಾರಿ: ಎರಡೂವರೆ ಲಕ್ಷಕ್ಕೂ ಮಿಕ್ಕ ಜನ ರೋಗಗ್ರಸ್ತರಾದರು; ಸುಮಾರು 25,000 ಮಂದಿ ಮೃತರಾದರು. ಆ ಕಾಲಕ್ಕೆ ಲಸಿಕೆಯೇ ಇರಲಿಲ್ಲವೆಂದಲ್ಲ. ಇದ್ದ ಲಸಿಕೆಯ ಶಕ್ತಿ ಎರಡು ಮೂರು ವರ್ಷಗಳಲ್ಲಿ ಇಳಿದುಹೋಗುತ್ತಿತ್ತು. ಎರಡು ವರ್ಷದೊಳಗಿನ ಶಿಶುಗಳಿಗೆ ಅದರಿಂದ ಪ್ರಯೋಜನ ಅತ್ಯಲ್ಪ. ಅದನ್ನು ಹಾಕಿಸಿಕೊಂಡವರ ಗಂಟಲಿನಲ್ಲಿಯೂ ರೋಗಾಣು ಮೊದಲಿನಂತೆಯೇ ವಾಸಮಾಡಿಕೊಂಡಿದ್ದು ಇತರರಿಗೆ ಹರಡುತ್ತಿತ್ತು. ಆದುದರಿಂದ ಮುಂಚಿತವಾಗಿ ಕೊಡುವ ಮಾತೇ ಇರಲಿಲ್ಲ. ಊರಿನಲ್ಲಿ ಹೆಣ ಬೀಳುವುದಕ್ಕೆ ಆರಂಭವಾದ ಮೇಲೆ ರಾಜಧಾನಿಗೆ ಸುದ್ದಿ ಮುಟ್ಟಿ, ರಾಜಧಾನಿಯಿಂದ ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಗೆ ಕೋರಿಕೆ ಹೋಗಿ, ಲಸಿಕೆ ವಿಮಾನವೇರಿ ಬಂದು, ಹಳ್ಳಿಯನ್ನು ತಲಪುವಷ್ಟರಲ್ಲಿ ಮೊದಲ ಮಳೆ ಬಿದ್ದು ರೋಗವು ತಾನಾಗಿಯೇ ಇಳಿಮುಖವಾಗಿರುತ್ತಿತ್ತು.

ಇದಕ್ಕಿಂತ ಮೇಲಾದ ಲಸಿಕೆಯ ವಿದ್ಯೆ ಆಗಲೇ ವಿಜ್ಞಾನಿಗಳ ಕೈಯಲ್ಲಿತ್ತು. ಈ ರೋಗಾಣುವಿನ ಮೈಮೇಲೆ ಸಕ್ಕರೆಯ ಕಣಗಳ ಸರಪಣಿಯಿಂದಾದ ಹೊದಿಕೆಯೊಂದಿದೆ. ಹಳೆಯ ಲಸಿಕೆ ಈ ಹೊದಿಕೆಯ ಸಕ್ಕರೆಯಿಂದಲೇ ಮಾಡಿದ್ದು. ಎಳೆಯ ಮಗುವಿನ ದೇಹವು ಅದನ್ನು ಶತ್ರುವೆಂದು ಗುರುತಿಸುವುದಿಲ್ಲ, ದೊಡ್ಡವರ ದೇಹವು ಗುರುತಿಸಿದರೂ ಬಹುಕಾಲ ನೆನಪಿನಲ್ಲಿಟ್ಟುಕೊಳ್ಳುವುದಿಲ್ಲ. ಅದೇ ಸಕ್ಕರೆಯನ್ನು ಧನುರ್ವಾಯುವಿನ ನಿರ್ವಿಷಗೊಳಿಸಿದ ಪ್ರೋಟೀನಿಗೆ ರಾಸಾಯನಿಕವಾಗಿ ಬೆಸೆದರೆ, ಊರಿನವರೆಲ್ಲ ಬಲ್ಲ ಪುಂಡನ ಜೊತೆಯಲ್ಲಿ ಬಂದ ಅಪರಿಚಿತನ ಮುಖವೂ ಊರಿನವರ ನೆನಪಿನಲ್ಲಿ ನಿಲ್ಲುವ ಹಾಗೆ, ದೇಹವು ಸಕ್ಕರೆಯನ್ನೂ ಮರೆಯದೆ ಇಟ್ಟುಕೊಳ್ಳುತ್ತದೆ. ಈ ಕ್ರಮದಿಂದ ಸಿದ್ಧವಾದ ಲಸಿಕೆಯನ್ನು, ರೋಗಾಣುವಿನ ‘ಸಿ’ ಎಂಬ ಗುಂಪಿನ ವಿರುದ್ಧ, ಬ್ರಿಟನ್ ದೇಶವು 1999ರಲ್ಲಿ ತನ್ನ ಮಕ್ಕಳಿಗೆ ಕೊಡಲು ತೊಡಗಿತು. ಆಫ್ರಿಕದ ಮಹಾಮಾರಿಗೆ ಮುಖ್ಯ ಕಾರಣವಾಗಿದ್ದುದು ‘ಎ’ ಗುಂಪು. ಅದಕ್ಕೆ ಅಂಥ ಲಸಿಕೆ ಇರಲಿಲ್ಲ. ಮಾಡುವುದು ಅಸಾಧ್ಯವಾದುದರಿಂದಲ್ಲ, ಮಾಡಿದರೆ ಕೊಳ್ಳುವವರ ಕೈಯಲ್ಲಿ ಹಣವಿರಲಿಲ್ಲವಾದುದರಿಂದ.

ಇಂಥ ಕೊರತೆಯನ್ನು ತುಂಬಲು ಸೂಚಿಸುವ ಮಾರ್ಗಗಳಲ್ಲಿ ಒಂದು, ಸರಕಾರ ಮತ್ತು ಖಾಸಗಿ ಬಂಡವಾಳ ಕೂಡಿ ಕೆಲಸ ಮಾಡುವುದು. ಅಂಥ ಕೆಲಸವೆಂದರೆ ಕನ್ನಡ ವಾಚಕರಿಗೆ ದೇವನಹಳ್ಳಿಯ ವಿಮಾನ ನಿಲ್ದಾಣವೋ, ಹೆದ್ದಾರಿಯ ನಡುವೆ ಕಾರನ್ನು ತಡೆದು ನಿಲ್ಲಿಸುವ ಟೋಲ್ ಗೇಟೋ ಸ್ಮರಣೆಗೆ ಬರುವುದು ಸಹಜ. ಅಲ್ಲಿ ಸಮಸ್ಯೆ ಒಂದು ವಿಧ: ಕೊಡುವ ಶಕ್ತಿಯುಳ್ಳ ಗ್ರಾಹಕನಿದ್ದಾನೆ, ಬಂಡವಾಳ ಹಾಕಿದವನು ಅವನಿಂದ ವಸೂಲು ಮಾಡಿಕೊಳ್ಳುತ್ತಾನೆ, ವಸೂಲು ನ್ಯಾಯವೋ ಅನ್ಯಾಯವೋ ಎಂಬುದಷ್ಟೇ ಜಗಳ. ಬಡ ರಾಷ್ಟ್ರಗಳ ಅಭ್ಯುದಯಕ್ಕೆ ಇದೇ ಮಾರ್ಗವನ್ನು ಅನ್ವಯಿಸಲು ಹೊರಟಾಗ ಕಷ್ಟವು ಬೇರೊಂದು ರೂಪ ತಾಳುತ್ತದೆ. ಪ್ರಾಣ ಹೋಗುತ್ತಿರುವವನ ಅಗತ್ಯ ಎಷ್ಟೇ ತೀವ್ರವಾಗಿರಲಿ, ಅವನ ಕಿಸೆ ಬರಿದಾಗಿದ್ದರೆ ಮಾರುಕಟ್ಟೆಯ ಲೆಕ್ಕದಲ್ಲಿ ಆ ಅಗತ್ಯಕ್ಕೆ ಅಸ್ತಿತ್ವವೇ ಇಲ್ಲ. ಅದನ್ನು ಲೆಕ್ಕದ ಪುಸ್ತಕದೊಳಕ್ಕೆ ತರುವ ಬಗೆ ಹೇಗೆ?

2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ, ಅಮೆರಿಕದ ಸಿಯಾಟಲ್ ನಗರದಲ್ಲಿ ನೆಲೆಗೊಂಡ ‘ಪಾತ್’ ಎಂಬ ಲಾಭೋದ್ದೇಶವಿಲ್ಲದ ಸಂಸ್ಥೆಯೂ ಕೂಡಿ, ಗೇಟ್ಸ್ ಪ್ರತಿಷ್ಠಾನವು ನೀಡಿದ 7 ಕೋಟಿ ಡಾಲರುಗಳ ದ್ರವ್ಯಸಹಾಯದಿಂದ, ಮೆನಿಂಜೈಟಿಸ್ ಲಸಿಕಾ ಯೋಜನೆಯೊಂದನ್ನು ಆರಂಭಿಸಿದವು. ಇದರ ನಿರ್ದೇಶಕರಾದ ಮಾರ್ಕ್ ಲಾಫೋರ್ಸ್ ಎಂಬ ವೈದ್ಯರೂ ಅವರ ಸಹಚರರೂ ಪ್ರಯೋಗಶಾಲೆಗೆ ಕಾಲಿಡುವುದಕ್ಕೆ ಮೊದಲು ಆಫ್ರಿಕದ ಆರೋಗ್ಯ ಇಲಾಖೆಗಳ ಅಧಿಕಾರಿಗಳನ್ನು ಕಂಡು, ನಿಮಗೆ ಬೇಕಾದುದು ಎಂಥದೆಂದು ವಿಚಾರಿಸಿದರು. ಬಂದ ಉತ್ತರದಲ್ಲಿ ವಿಜ್ಞಾನಕ್ಕಿಂತ ವ್ಯವಹಾರಜ್ಞಾನ ಹೆಚ್ಚಾಗಿತ್ತು. ನಾವು ಕೊಳ್ಳಲಾರದ ಲಸಿಕೆಯನ್ನು ತಂದು ಮುಂದಿಡುವುದು ಲಸಿಕೆ ಇಲ್ಲದಿರುವುದಕ್ಕಿಂತ ಕಷ್ಟದ ಸಂಗತಿ. ಡೋಸಿಗೆ 50 ಸೆಂಟಿಗಿಂತ, ಅಂದರೆ ಅರ್ಧ ಡಾಲರಿಗಿಂತ, ಕಡಿಮೆಗೆ ದೊರೆಯುವಂತಿದ್ದರೆ ಮಾತನಾಡೋಣ ಎಂಬುದು ಅದರ ತಾತ್ಪರ್ಯ.

ನನ್ನ ಅಭಿಪ್ರಾಯದಲ್ಲಿ ಈ ವೃತ್ತಾಂತದ ಜೀವಾಳವಿರುವುದು ಇಲ್ಲಿ. ಸಾಮಾನ್ಯವಾಗಿ ಔಷಧವು ಮೊದಲು ಹುಟ್ಟುತ್ತದೆ. ಅದರ ಶೋಧನೆಗೆ ತಗಲಿದ ವೆಚ್ಚ, ಷೇರುದಾರರ ನಿರೀಕ್ಷೆ, ಶ್ರೀಮಂತ ದೇಶಗಳ ಕೊಳ್ಳುವ ಶಕ್ತಿ ಇವುಗಳಿಂದ ಬೆಲೆ ನಿರ್ಧಾರವಾಗುತ್ತದೆ. ಹತ್ತು ಹದಿನೈದು ವರ್ಷಗಳ ತರುವಾಯ, ಪ್ರತಿಭಟನೆಗಳಾಗಿ, ಪತ್ರಿಕೆಗಳಲ್ಲಿ ಟೀಕೆಗಳು ಬಂದು, ಬಡವರಿಗೆ ರಿಯಾಯಿತಿಯೆಂಬ ಕರುಣೆ ಕೆಳಗಿಳಿದು ಬರುತ್ತದೆ. ಇಲ್ಲಿಯಾದರೋ ಬೆಲೆ ಮೊದಲು ನಿಶ್ಚಯವಾಯಿತು; ಲಸಿಕೆ ಇನ್ನೂ ಹುಟ್ಟಿರಲಿಲ್ಲ. ಯಾವ ಕಾರ್ಖಾನೆ, ಯಾವ ತಂತ್ರ, ಎಷ್ಟು ಪ್ರಮಾಣ ಎಂಬ ಪ್ರಶ್ನೆಗಳಿಗೆಲ್ಲ ಆ 50 ಸೆಂಟೇ ಮಾನದಂಡವಾಯಿತು. ಅದನ್ನು ಹೇಳಿದವರು ದಾನಿಗಳಲ್ಲ, ತಯಾರಕರೂ ಅಲ್ಲ. ರೋಗದ ಪಟ್ಟಿಯೊಳಗೆ ವಾಸಮಾಡುವವರು.

ಆ ಬೆಲೆಗೆ ಲಸಿಕೆ ಮಾಡಿಕೊಡುವುದಕ್ಕೆ ಪಾಶ್ಚಾತ್ಯ ದೇಶಗಳ ದೊಡ್ಡ ತಯಾರಕರು ಒಪ್ಪಲಿಲ್ಲ. ಅವರನ್ನು ದೂಷಿಸಿ ಫಲವಿಲ್ಲ. ಅದೇ ಯಂತ್ರದಲ್ಲಿ ಅದೇ ದಿನ ನೂರು ಪಟ್ಟು ಬೆಲೆಯ ಸರಕನ್ನು ತೆಗೆಯಬಲ್ಲವನು ಇದನ್ನು ಏಕೆ ತೆಗೆಯಬೇಕು? ಆಗ ಯೋಜನೆಯವರು ಒಬ್ಬನೇ ತಯಾರಕನನ್ನು ಹುಡುಕುವುದನ್ನು ಬಿಟ್ಟು, ಲಸಿಕೆಯ ಅಂಗಗಳನ್ನು ಬೇರೆ ಬೇರೆ ಕಡೆಗಳಿಂದ ಕೂಡಿಸತೊಡಗಿದರು. ಸಕ್ಕರೆಯ ಅಂಶ ಆಮ್‌ಸ್ಟರ್‌ಡಾಮಿನ ಸಿಂಕೋ ಬಯೋ ಪಾರ್ಟ್‌ನರ್ಸ್ ಎಂಬ ಕಂಪನಿಯಿಂದ ಬಂದಿತು. ಅದನ್ನು ಪ್ರೋಟೀನಿಗೆ ಬೆಸೆಯುವ ವಿದ್ಯೆಯನ್ನು ಅಮೆರಿಕ ಸರಕಾರದ ಆಹಾರ ಮತ್ತು ಔಷಧ ಆಡಳಿತದ ಪ್ರಯೋಗಶಾಲೆಯಲ್ಲಿ ಕಾರ್ಲ್ ಫ್ರಾಷ್ ಮತ್ತು ಚೆ-ಹಂಗ್ ಲೀ ಎಂಬ ವಿಜ್ಞಾನಿಗಳು ಸಿದ್ಧಪಡಿಸಿದ್ದರು. ಹಳೆಯ ವಿಧಾನಗಳಿಗಿಂತ ಇದರಲ್ಲಿ ನಷ್ಟವಾಗುವ ಪದಾರ್ಥ ಕಡಿಮೆ, ಬೆಲೆಯನ್ನು ಇಳಿಸುವುದಕ್ಕೆ ಅದೇ ಕೀಲಿಕೈ. ಧನುರ್ವಾಯುವಿನ ಪ್ರೋಟೀನನ್ನು ಒದಗಿಸಿ, ಬೆಸೆಯುವ ವಿದ್ಯೆಯನ್ನು ಕಲಿತು, ಸೀಸೆಗಳನ್ನು ತುಂಬಿ ಕೊಡುವ ಹೊಣೆಯನ್ನು ವಹಿಸಿಕೊಂಡದ್ದು ನಮ್ಮ ನೆರೆಯ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯ.

ಕೊರೋನಾ ಕಾಲದಲ್ಲಿ ನಮ್ಮಲ್ಲಿ ಬಹುಮಂದಿಯ ತೋಳನ್ನು ಸೇರಿದ ಕೋವಿಶೀಲ್ಡ್ ತಯಾರಾದದ್ದು ಇದೇ ಸಂಸ್ಥೆಯಲ್ಲಿ. ಆದಕಾರಣ ಪರಿಚಯ ಹೇಳುವ ಅಗತ್ಯ ಹೆಚ್ಚಿಲ್ಲ. ಕುದುರೆ ಸಾಕುವ ಮನೆತನದ ಸೈರಸ್ ಪೂನಾವಾಲಾ ಅವರು 1966ರಲ್ಲಿ ಸ್ಥಾಪಿಸಿದ್ದು. ಆ ಲಾಯದ ಕುದುರೆಗಳು ಧನುರ್ವಾಯುವಿನ ಔಷಧಕ್ಕೆ ಬೇಕಾಗುವ ರಕ್ತದ್ರವಕ್ಕಾಗಿ ಮುಂಬಯಿಯ ಹಾಫ್‌ಕಿನ್ ಸಂಸ್ಥೆಗೆ ಹೋಗುತ್ತಿದ್ದುವೆಂಬುದು ಪ್ರಸಿದ್ಧವಾದ ಸಂಗತಿ. ಮಾರಾಟದ ಬೆಲೆ ತೀರ ಕೆಳಮಟ್ಟದಲ್ಲಿದ್ದು, ಪ್ರಮಾಣ ಮಾತ್ರ ಅಗಾಧವಾಗಿರುವ ಲಸಿಕೆಗಳ ವ್ಯಾಪಾರದಲ್ಲಿ ಪಳಗಿದ್ದ ಈ ಸಂಸ್ಥೆಗೆ 50 ಸೆಂಟಿನ ಕರಾರು ಅಸಂಭವವೆಂದು ತೋರಲಿಲ್ಲ. ಅದು ಒಪ್ಪಿದ್ದು ಕೇವಲ ಧರ್ಮಬುದ್ಧಿಯಿಂದ ಎಂದು ಬರೆದರೆ ನಾನು ಸತ್ಯಕ್ಕೆ ದೂರನಾದೇನು. ಅಮೆರಿಕದ ತೆರಿಗೆದಾರನ ಹಣದಲ್ಲಿ ಬೆಳೆದ ವಿದ್ಯೆ ‘ಪಾತ್’ ಮುಖಾಂತರ ಅದಕ್ಕೆ ದೊರೆಯಿತು. ಪ್ರಯೋಗಗಳ ಭಾರವನ್ನು ಬಹುಮಟ್ಟಿಗೆ ಇತರರು ಹೊತ್ತರು. ಕೊಳ್ಳುವವರು ಯಾರೆಂಬುದು ಮೊದಲೇ ಗೊತ್ತಿತ್ತು. ಈ ಕುಶಲತೆ ಒಮ್ಮೆ ಕೈಗೆ ಹತ್ತಿದ ಮೇಲೆ ಬೇರೆ ಲಸಿಕೆಗಳಿಗೂ ಅದು ಒದಗುತ್ತದೆ. ನ್ಯುಮೋನಿಯಾದ ವಿರುದ್ಧ ಇದೇ ಬಗೆಯ ಬೆಸುಗೆಯಿಂದ ಈ ಸಂಸ್ಥೆ ಸಿದ್ಧಪಡಿಸಿದ ‘ನ್ಯುಮೋಸಿಲ್’ ಲಸಿಕೆಗೆ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ದೊರೆಯಿತು. ಲಾಭವಿತ್ತು, ಆದರೆ ಲಾಭದ ಸ್ಥಾನವನ್ನು ಸೀಸೆಯ ಬೆಲೆಯಿಂದ ಎತ್ತಿ ವಿದ್ಯೆಯ ಗಳಿಕೆಯಲ್ಲಿ ಇಟ್ಟಿದ್ದರು. ಖಾಸಗಿ ದಕ್ಷತೆಯೇ ಎಲ್ಲವನ್ನೂ ಸಾಧಿಸಿತೆಂದು ಘೋಷಿಸುವವರು ಈ ಲೆಕ್ಕದ ಸಾರ್ವಜನಿಕ ಪುಟಗಳನ್ನು ಮಡಿಸಿಟ್ಟು ಓದುತ್ತಾರೆ. ಕಂಪನಿಗಳೆಂದರೆ ಮೂಗು ಮುರಿಯುವವರು ಉಳಿದ ಪುಟಗಳನ್ನು.

ಹೊಸ ಲಸಿಕೆಯೊಂದಕ್ಕೆ ಸಾಮಾನ್ಯವಾಗಿ 50 ಕೋಟಿ ಡಾಲರು ತಗಲುತ್ತದೆಂದು ಹೇಳುವ ರೂಢಿಯಿದೆ. ಇದರ ಅಭಿವೃದ್ಧಿಗೆ ಅದರ ಹತ್ತನೆಯ ಒಂದು ಭಾಗವೂ ತಗಲಲಿಲ್ಲವೆಂದು ಯೋಜನೆಯವರು ಲೆಕ್ಕ ಕೊಟ್ಟಿದ್ದಾರೆ. ಭಾರತದಲ್ಲಿಯೂ, ಮಾಲಿ, ಗ್ಯಾಂಬಿಯಾ, ಸೆನೆಗಲ್‌ಗಳಲ್ಲಿಯೂ ಪ್ರಯೋಗಗಳು ನಡೆದುವು. 2009ರ ಡಿಸೆಂಬರಿನಲ್ಲಿ ಭಾರತದ ಔಷಧ ನಿಯಂತ್ರಕರ ಅನುಮತಿಯೂ, 2010ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆಯೂ ದೊರೆತುವು. ‘ಮೆನಾಫ್ರಿವ್ಯಾಕ್’ ಎಂದು ಅದಕ್ಕೆ ನಾಮಕರಣವಾಯಿತು.

ಆ ಸೀಸೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಳಗಿರುವುದು ದ್ರವವಲ್ಲ, ತಳಕ್ಕಂಟಿದ ಬಿಳಿಯ ಒಣಪುಡಿ. ಬೇರೊಂದು ಸೀಸೆಯಲ್ಲಿ ಬರುವ ದ್ರವವನ್ನು ಸಿರಿಂಜಿನಿಂದ ಇದಕ್ಕೆ ಸೇರಿಸಿದರೆ ಹತ್ತು ಜನಕ್ಕೆ ಸಾಲುವಷ್ಟು ಲಸಿಕೆಯಾಗುತ್ತದೆ, ಹೀಗೆ ಕಲಸಿದ್ದನ್ನು ಆರು ಗಂಟೆಗಳೊಳಗೆ ಮುಗಿಸತಕ್ಕದ್ದು. ಸೀಸೆಯ ಮೇಲೆ ಸಣ್ಣದೊಂದು ಬಣ್ಣದ ವೃತ್ತವಿದೆ, ವೃತ್ತದ ನಡುವೆ ತೆಳುಬಣ್ಣದ ಚೌಕ. ಶಾಖ ತಗಲಿದಷ್ಟೂ ಚೌಕದ ಬಣ್ಣ ಗಾಢವಾಗುತ್ತಾ ಬರುತ್ತದೆ. ಚೌಕವೂ ವೃತ್ತವೂ ಒಂದೇ ಬಣ್ಣಕ್ಕೆ ಬಂದರೆ ಆ ಸೀಸೆಯನ್ನು ಎಸೆಯಬೇಕು. ಅಕ್ಷರ ಬಲ್ಲವರಿಗೂ ಬಾರದವರಿಗೂ ಸಮಾನವಾಗಿ ಅರ್ಥವಾಗುವ ಈ ಗುರುತನ್ನು ನೋಡಿಕೊಂಡು, ಐಸಿನ ಪೆಟ್ಟಿಗೆಯನ್ನು ಹೆಗಲಿಗೇರಿಸಿ, ಆರೋಗ್ಯ ಕಾರ್ಯಕರ್ತರು ಹಳ್ಳಿಗಳಿಗೆ ಹೋಗುತ್ತಿದ್ದರು. ಲಸಿಕೆಗಿಂತ ಐಸೇ ಭಾರ. ವಿದ್ಯುತ್ತಿಲ್ಲದ ಊರಿನಲ್ಲಿ ರಾತ್ರಿ ತಂಗಿದರೆ ಮರುದಿನಕ್ಕೆ ಐಸನ್ನು ಎಲ್ಲಿಂದ ತರುವುದು? ಈ ಲಸಿಕೆಯು 40 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯಲ್ಲಿ ನಾಲ್ಕು ದಿನ ಕೆಡದೆ ಇರಬಲ್ಲದೆಂಬುದು ಪರೀಕ್ಷೆಗಳಿಂದ ಸಿದ್ಧವಾಗಿ, 2012ರಲ್ಲಿ ಅದಕ್ಕೆ ಅಧಿಕೃತ ಅನುಮತಿ ದೊರೆತು, ಅದೇ ವರ್ಷದ ನವೆಂಬರಿನಲ್ಲಿ ಬೆನಿನ್ ದೇಶದ ಬಾನಿಕೋರಾ ಜಿಲ್ಲೆಯಲ್ಲಿ ಐಸಿಲ್ಲದೆಯೇ ಲಸಿಕೆಯನ್ನು ಒಯ್ದರು. ಯಾವ ಉದ್ಘಾಟನಾ ಭಾಷಣದಲ್ಲಿಯೂ ದೊಡ್ಡದಾಗಿ ಕಾಣಿಸಿಕೊಳ್ಳದ ಈ ಒಂದು ಅನುಮತಿ, ದಾರಿಯಿಲ್ಲದ ಊರುಗಳಿಗೆ ನಡೆದುಹೋಗುವವರ ಪಾಲಿಗೆ ಎಷ್ಟು ದೊಡ್ಡದೆಂಬುದನ್ನು ಹೆಗಲ ಮೇಲೆ ಭಾರ ಹೊತ್ತವರೇ ಬಲ್ಲರು.

ಅದಕ್ಕೆ ಮೊದಲೇ, 2010ರ ಡಿಸೆಂಬರ್ 6ರಂದು, ಬುರ್ಕಿನಾ ಫಾಸೊ ದೇಶದಲ್ಲಿ ಕಾರ್ಯ ಆರಂಭವಾಗಿತ್ತು. ಒಂದರಿಂದ 29 ವರ್ಷದೊಳಗಿನ 1 ಕೋಟಿ 10 ಲಕ್ಷಕ್ಕೂ ಹೆಚ್ಚು ಜನ ಹತ್ತು ದಿನಗಳಲ್ಲಿ ಲಸಿಕೆ ಹಾಕಿಸಿಕೊಂಡರು. ಮರುವರ್ಷ ಚಾಡ್ ದೇಶದ ರಾಜಧಾನಿ ಎಂಜಮೇನದಲ್ಲಿಯೂ ಸುತ್ತಣ ಪ್ರದೇಶದಲ್ಲಿಯೂ ಸುಮಾರು 18 ಲಕ್ಷ ಮಂದಿಗೆ ಹಾಕಿದರು. ದೇಶದ ಉಳಿದ ಭಾಗಕ್ಕೆ ಲಸಿಕೆ ಇನ್ನೂ ತಲಪಿರಲಿಲ್ಲವಾಗಿ, ಯಾರೂ ಬಯಸದೆಯೇ ಒಂದು ಹೋಲಿಕೆ ಸಿದ್ಧವಾಯಿತು. 2012ರ ಬೇಸಗೆಯಲ್ಲಿ ಲಸಿಕೆ ಮುಟ್ಟದ ಜಿಲ್ಲೆಗಳಲ್ಲಿ ಲಕ್ಷಕ್ಕೆ ಸುಮಾರು 44 ಮಂದಿ ಮೆನಿಂಜೈಟಿಸ್‌ಗೆ ಗುರಿಯಾದರೆ, ಮುಟ್ಟಿದ ಜಿಲ್ಲೆಗಳಲ್ಲಿ ಎರಡೂವರೆಯಷ್ಟು. ಅಂತಾರಾಷ್ಟ್ರೀಯ ಲಸಿಕಾ ಒಕ್ಕೂಟವಾದ ‘ಗಾವಿ’ಯ ಧನದಿಂದ ವರ್ಷವರ್ಷವೂ ಹೊಸ ದೇಶಗಳು ಸೇರಿಕೊಳ್ಳುತ್ತಾ ಬಂದುವು; ಒಟ್ಟು 30 ಕೋಟಿಗೂ ಮಿಕ್ಕಿದ ಜನಕ್ಕೆ ಲಸಿಕೆಯಾಯಿತು; 2017ರಿಂದೀಚೆಗೆ ಮೆನಿಂಜೈಟಿಸ್ ಪಟ್ಟಿಯಲ್ಲಿ ‘ಎ’ ಗುಂಪಿನ ರೋಗ ದೃಢಪಟ್ಟದ್ದಿಲ್ಲ.

ಈ ಯಶಸ್ಸನ್ನು ನೋಡಿ, ಸರಕಾರ ಮತ್ತು ಕಂಪನಿ ಕೈಗೂಡಿಸಿದರೆ ಬಡದೇಶಗಳ ಕಷ್ಟ ಪರಿಹಾರವಾಗುವುದೆಂದು ನಿಶ್ಚಯಿಸಿಕೊಳ್ಳುವವರು ಅದೇ ಖಂಡದ ದಕ್ಷಿಣಕ್ಕೆ ಕಣ್ಣು ಹೊರಳಿಸಬೇಕು. ದಕ್ಷಿಣ ಆಫ್ರಿಕವು ನಾಲ್ಕು ಕಡೆಯಿಂದಲೂ ಸುತ್ತುವರಿದಿರುವ ಲೆಸೊಥೊ ಎಂಬ ಪುಟ್ಟ ಪರ್ವತರಾಜ್ಯದ ರಾಜಧಾನಿ ಮಾಸೆರುವಿನಲ್ಲಿ, ಶಿಥಿಲವಾಗಿದ್ದ ಹಳೆಯ ಆಸ್ಪತ್ರೆಗೆ ಬದಲಾಗಿ 425 ಹಾಸಿಗೆಗಳ ಹೊಸ ಆಸ್ಪತ್ರೆಯೊಂದನ್ನು ಕಟ್ಟುವುದಕ್ಕೆ 2008ರಲ್ಲಿ ಒಪ್ಪಂದವಾಯಿತು. ವಿಶ್ವಬ್ಯಾಂಕಿನ ಬಳಗದ ಅಂತಾರಾಷ್ಟ್ರೀಯ ಹಣಕಾಸು ನಿಗಮದ ಸಲಹೆಯಂತೆ, ದಕ್ಷಿಣ ಆಫ್ರಿಕದ ನೆಟ್‌ಕೇರ್ ಕಂಪನಿಯ ನೇತೃತ್ವದ ‘ಟ್ಸೆಪೊಂಗ್’ ಕೂಟವು ಕಟ್ಟಡವನ್ನು ಕಟ್ಟಿ, ಆಸ್ಪತ್ರೆಯನ್ನು ನಡಸಿ, 18 ವರ್ಷಗಳ ಕಾಲ ಸರಕಾರದಿಂದ ವಾರ್ಷಿಕ ಮೊಬಲಗನ್ನು ಪಡೆಯತಕ್ಕದ್ದೆಂದು ಅದರ ನಿಬಂಧನೆ. 2011ರ ಅಕ್ಟೋಬರಿನಲ್ಲಿ ಆಸ್ಪತ್ರೆ ತೆರೆಯಿತು. ಅದು ಕೆಟ್ಟ ಆಸ್ಪತ್ರೆಯೇನೂ ಆಗಿರಲಿಲ್ಲ. ಹಳೆಯದಕ್ಕೆ ಹೋಲಿಸಿದರೆ ಅಲ್ಲಿ ಸಾಯುವವರ ಪ್ರಮಾಣ ಗಣನೀಯವಾಗಿ ಇಳಿಯಿತು. ಆ ಕಾರಣದಿಂದಲೇ ಜನ ಅಲ್ಲಿಗೆ ನುಗ್ಗಿದರು, ಆ ಕಾರಣದಿಂದಲೇ ಲೆಕ್ಕ ಕೆಟ್ಟಿತು. ವರ್ಷಕ್ಕೆ 20,000 ಒಳರೋಗಿಗಳು, 3,10,000 ಹೊರರೋಗಿಗಳು ಎಂಬ ಮಿತಿಯನ್ನು ದಾಟಿದ ಪ್ರತಿಯೊಬ್ಬನಿಗೂ ಸರಕಾರ ಪ್ರತ್ಯೇಕವಾಗಿ ತೆರಬೇಕಿತ್ತು. ದೇಶದ ಆರೋಗ್ಯ ಆಯವ್ಯಯದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಈ ಒಂದೇ ಆಸ್ಪತ್ರೆ ನುಂಗುತ್ತಿದೆಯೆಂದು 2014ರಲ್ಲಿ ಆಕ್ಸ್‌ಫಾಮ್ ಸಂಸ್ಥೆ ಆಪಾದಿಸಿತು. ವಿಶ್ವಬ್ಯಾಂಕು ಆ ಅಂಕಿಯನ್ನು ಒಪ್ಪಲಿಲ್ಲ. ಅಂಕಿ ಯಾವುದೇ ಇರಲಿ, ಬೆಟ್ಟದ ಹಳ್ಳಿಗಳ ಚಿಕಿತ್ಸಾಲಯಗಳಿಗೆ ಸಲ್ಲಬೇಕಾದ ಹಣವು ರಾಜಧಾನಿಗೆ ಇಳಿದು ಬರುತ್ತಿದ್ದುದನ್ನು ಅಲ್ಲಗಳೆಯುವುದು ಕಷ್ಟ. ವೇತನದ ವಿಚಾರದಲ್ಲಿ ದಾದಿಯರು ಮುಷ್ಕರ ಹೂಡಿದ 2021ರಲ್ಲಿಯೇ, ಅವಧಿ ಮುಗಿಯುವುದಕ್ಕೆ ವರ್ಷಗಳಿರುವಾಗ, ಒಪ್ಪಂದ ಮುರಿದುಬಿತ್ತು.

ಎರಡೂ ಕಡೆ ಸದುದ್ದೇಶವಿತ್ತು, ಸಮರ್ಥರಾದ ಜನರಿದ್ದರು, ಘನವಾದ ಸಂಸ್ಥೆಗಳ ಮೊಹರುಗಳಿದ್ದುವು. ಲಸಿಕೆಯ ವಿಷಯದಲ್ಲಿ ಬೇಡಿಕೆ ಎಷ್ಟು ಹೆಚ್ಚಿದರೂ ಡೋಸಿನ ಬೆಲೆ 50 ಸೆಂಟಿನೊಳಗೇ ನಿಲ್ಲಬೇಕಾಗಿತ್ತು. ಆಸ್ಪತ್ರೆಯ ವಿಷಯದಲ್ಲಿ ಬೇಡಿಕೆ ಹೆಚ್ಚಿದಷ್ಟೂ ಬಡವನ ಸಾಲ ಬೆಳೆಯಬೇಕಾಗಿತ್ತು. ಒಂದರಲ್ಲಿ ಅನಿಶ್ಚಯದ ಭಾರವನ್ನು ದಾನಿಯೂ ತಯಾರಕನೂ ಹಂಚಿಕೊಂಡರು, ಇನ್ನೊಂದರಲ್ಲಿ ಅದೆಲ್ಲವೂ 20 ಲಕ್ಷದಷ್ಟು ಜನಸಂಖ್ಯೆಯ ಒಂದು ಸರಕಾರದ ತಲೆಗೆ ಬಂದಿತು. ಇಂಥ ಒಪ್ಪಂದಗಳ ಬಗ್ಗೆ ನಡೆಯುವ ಸಮ್ಮೇಳನಗಳಲ್ಲಿ ಪರಸ್ಪರ ವಿಶ್ವಾಸ, ಸಮಾನ ಧ್ಯೇಯ ಮುಂತಾದ ಮಾತುಗಳು ಧಾರಾಳವಾಗಿ ಕೇಳಬರುತ್ತವೆ. ಎಷ್ಟನೆಯ ರೋಗಿಯಿಂದ ಹೆಚ್ಚುವರಿ ಶುಲ್ಕ ಆರಂಭವಾಗುತ್ತದೆಂಬುದನ್ನು ಹೇಳುವ ಪುಟದ ಮೇಲೆ ಯಾರೂ ಭಾಷಣ ಮಾಡುವುದಿಲ್ಲ.

ಲಸಿಕೆಯ ಕಥೆಯೂ ಕಳಂಕರಹಿತವೆಂದು ಹೇಳಲಾಗದು. ಯಾವ ರೋಗಕ್ಕೆ ಮೊದಲು ಹಣ ಹರಿಯಬೇಕೆಂಬುದನ್ನು ಅಮೆರಿಕದ ಒಂದು ಪ್ರತಿಷ್ಠಾನದ ಸಭಾಗೃಹವು ತೀರ್ಮಾನಿಸಿತೆಂಬುದು ಅಷ್ಟೇನೂ ಹಿತವಾದ ವಿಚಾರವಲ್ಲ. ಆ ಸಭಾಗೃಹಕ್ಕೆ ಅದೇ ದಿನ ಬೇರೊಂದು ವ್ಯಾಧಿ ಹೆಚ್ಚು ಮುಖ್ಯವೆಂದು ತೋರಿದ್ದರೆ ಎಂಬ ಯೋಚನೆ ಬಾರದಿರದು. ಅಲ್ಲದೆ ‘ಎ’ ಗುಂಪು ಹಿಂದೆ ಸರಿದ ಮೇಲೆ ಇತರ ಗುಂಪುಗಳು ತಲೆಯೆತ್ತಿದುವು. 2015ರಲ್ಲಿ ನೈಜರ್ ದೇಶವೂ 2017ರಲ್ಲಿ ನೈಜೀರಿಯವೂ ‘ಸಿ’ ಗುಂಪಿನ ಮಾರಿಗೆ ತುತ್ತಾದುವು. ನೈಜೀರಿಯವೊಂದರಲ್ಲಿಯೇ 14,000ಕ್ಕೂ ಹೆಚ್ಚು ಶಂಕಿತ ರೋಗಿಗಳು, 1,100ಕ್ಕೂ ಮಿಕ್ಕ ಸಾವು. ಅದೇ ‘ಪಾತ್’, ಅದೇ ಪುಣೆಯ ಸಂಸ್ಥೆ, ಈ ಬಾರಿ ಬ್ರಿಟಿಷ್ ಸರಕಾರದ ಹಣದಿಂದ, ಎ, ಸಿ, ಡಬ್ಲ್ಯು, ವೈ, ಎಕ್ಸ್ ಎಂಬ ಐದು ಗುಂಪುಗಳನ್ನೂ ತಡೆಯುವ ಒಂದೇ ಲಸಿಕೆಯನ್ನು ಸಿದ್ಧಪಡಿಸಲು, ಈ ಮಾರಿಗಳಿಗೂ ಮುಂಚಿನಿಂದ, 13 ವರ್ಷ ದುಡಿದುವು. 2023ರ ಜುಲೈನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಸಂದಿತು. 2024ರಲ್ಲಿ ನೈಜೀರಿಯ ದೇಶವು ಜಗತ್ತಿನಲ್ಲಿಯೇ ಮೊದಲನೆಯದಾಗಿ ಅದನ್ನು ತನ್ನ ಜನಕ್ಕೆ ಕೊಡತೊಡಗಿತು.

ಐದು ಸಕ್ಕರೆಗಳನ್ನು ಬೇರೆಬೇರೆಯಾಗಿ ಬೆಳೆಸಿ, ಬೇರೆಬೇರೆಯಾಗಿ ಬೆಸೆದು, ಒಂದೇ ಸೀಸೆಯಲ್ಲಿ ಕೂಡಿಸಬೇಕಾದ ಈ ಲಸಿಕೆ 50 ಸೆಂಟಿಗೆ ಬರಲಾರದು. ಅದರ ಬೆಲೆ ಹಳೆಯದರ ಹಲವು ಪಟ್ಟು. ಗಾವಿಯ ಪದ್ಧತಿಯಂತೆ ಕಡುಬಡ ರಾಷ್ಟ್ರಗಳು ವಾಡಿಕೆಯ ಲಸಿಕೆಗಳಿಗೆ ಡೋಸಿಗೆ 20 ಸೆಂಟು ತಮ್ಮ ಬೊಕ್ಕಸದಿಂದ ಕೊಡುತ್ತವೆ, ಉಳಿದುದನ್ನು ದಾನಿಗಳು ತುಂಬುತ್ತಾರೆ. ಆದರೆ ಬ್ರಿಟನ್ ತನ್ನ ವಿದೇಶೀ ನೆರವನ್ನು 2027ರ ಹೊತ್ತಿಗೆ ರಾಷ್ಟ್ರೀಯ ವರಮಾನದ ಶೇಕಡಾ 0.3ಕ್ಕೆ ಇಳಿಸುವುದಾಗಿ 2025ರ ಫೆಬ್ರವರಿಯಲ್ಲಿ ಸಾರಿತು. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕವು ಗಾವಿಗೆ ಹಣ ನಿಲ್ಲಿಸುವುದಾಗಿ ಹೇಳಿತು. ‘ಎ’ ಗುಂಪಿನ ರೋಗ ಕಣ್ಮರೆಯಾಗಿರುವ ಈ ದಿನಗಳಲ್ಲಿ, ಮಲೇರಿಯ, ದಡಾರ, ಹೆರಿಗೆ ಆಸ್ಪತ್ರೆಗಳೆಲ್ಲವೂ ಕೈಚಾಚಿ ನಿಂತಿರುವಾಗ, ಹೆಚ್ಚಿನ ಬೆಲೆಯ ಹೊಸ ಲಸಿಕೆಗೆ ಆಯವ್ಯಯ ಪತ್ರದಲ್ಲಿ ಒಂದು ಸಾಲನ್ನು ಬಿಡಿಸಿಕೊಳ್ಳುವ ಕೆಲಸ ಈಗ ಮಾಲಿಯ ಬಮಾಕೊ, ನೈಜರಿನ ನಿಯಮೆ, ಚಾಡಿನ ಎಂಜಮೇನಗಳ ಹಣಕಾಸು ಇಲಾಖೆಗಳ ಮುಂದಿದೆ; ಹರ್ಮಟಾನ್ ಗಾಳಿಯಂತೂ ಡಿಸೆಂಬರಿಗೆ ತಪ್ಪದೆ ಬರುತ್ತದೆ.